ಕಣ್ಣು ಮುಚ್ಚುವ ಮೊದಲು ಗೋಡೆಗೆ ಒರಗಿ: ಕೊಡಗಿನ ಹೆಣ್ಣುಮಕ್ಕಳ ಮನಸ್ಸಿಗೊಂದು ಯೋಗ ಮಾರ್ಗದರ್ಶಿ

ಸುಂಟಿಕೊಪ್ಪದ ಹತ್ತಿರದ ಒಂದು ಹಾಲ್‌ನಲ್ಲಿ ವಾರಕ್ಕೆ ಮೂರು ದಿನ ಹೆಂಗಸರಿಗೆ ಯೋಗ ಹೇಳಿಕೊಡುತ್ತೇನೆ. ಶುರು ಮಾಡಿದ ವರ್ಷ ನಾನೂ ಎಲ್ಲರ ಹಾಗೆ ಚಕ್ಕಳಮಕ್ಕಳ ಕೂರಿಸಿ, ಕಣ್ಣು ಮುಚ್ಚಿಸಿ, ‘ಮನಸ್ಸನ್ನು ಖಾಲಿ ಮಾಡಿ’ ಅಂದಿದ್ದೆ. ಜುಲೈ–ಆಗಸ್ಟಿನ ನಡುವೆ ಬರುವ ಕಕ್ಕಡ ತಿಂಗಳ ಮಳೆ, ಮೂರು ದಿನದಿಂದ ಕರೆಂಟಿಲ್ಲ. ಹಿಂದಿನ ಸಾಲಿನಲ್ಲಿದ್ದ ಒಬ್ಬರು ಎರಡು ನಿಮಿಷಕ್ಕೇ ಎದ್ದು ಹೊರಗೆ ಹೋದರು. ಕ್ಲಾಸ್ ಮುಗಿದ ಮೇಲೆ ಜಗಲಿಯಲ್ಲಿ ಸಿಕ್ಕಿ, “ಕಣ್ಣು ಮುಚ್ಚಿದ್ರೆ ಇನ್ನೂ ಜಾಸ್ತಿ ಆಗ್ತದೆ ಅಕ್ಕ. ಮನೆಯಲ್ಲಾದ್ರೆ ಕೈಯಲ್ಲಿ ಎಂತದಾದ್ರೂ ಕೆಲಸ ಉಂಟು, ತಲೆ ಸುಮ್ಮನಿರ್ತದೆ. ಇಲ್ಲಿ ಕೂತ ಕೂಡಲೇ ಎಲ್ಲ ಒಟ್ಟಿಗೆ ಬಂತು” ಅಂದರು. ತಪ್ಪು ಅವರದಲ್ಲ. ನಾನು ಪಾಠವನ್ನು ಬಾಲದಿಂದ ಶುರು ಮಾಡಿದ್ದೆ.

ಯೋಗಸೂತ್ರದಲ್ಲಿ ಪತಂಜಲಿ ಹೇಳುವ ಯೋಗದ ಎಂಟು ಅಂಗಗಳ ಸಾಲಿನಲ್ಲಿ ಧ್ಯಾನ ಏಳನೆಯದು. ಆಸನ, ಪ್ರಾಣಾಯಾಮ ಅದಕ್ಕಿಂತ ಎಷ್ಟೋ ಮೊದಲು ಬರುತ್ತವೆ. ಮನಸ್ಸು ಕದಡಿದಾಗ ಕಾಣುವ ಲಕ್ಷಣಗಳನ್ನೂ ಆತ ಮೊದಲ ಪಾದದ 31ನೇ ಸೂತ್ರದಲ್ಲಿ ಪಟ್ಟಿ ಮಾಡುತ್ತಾನೆ: ದುಃಖ, ಮನಸ್ಸು ಕೆಡುವುದು, ಮೈ ನಡುಗುವುದು, ಉಸಿರು ಏರುಪೇರಾಗುವುದು. ನಾಲ್ಕರಲ್ಲಿ ಎರಡು ಮೈಗೆ ಸೇರಿದವು. ಮೂರು ಸೂತ್ರ ದಾಟಿದರೆ ಸಿಗುವ ಒಂದು ಉಪಾಯ ಉಸಿರನ್ನು ಹೊರಗೆ ಬಿಡುವುದರಿಂದಲೇ ಆರಂಭವಾಗುತ್ತದೆ. ಅಂದಿನಿಂದ ನನ್ನ ಕ್ಲಾಸಿನ ಕ್ರಮ ಬದಲಾಯಿತು: ಮೊದಲು ಮೈ, ಆಮೇಲೆ ಉಸಿರು, ಕಡೆಗೆ, ಬೇಕಿದ್ದರೆ ಮಾತ್ರ, ಮನಸ್ಸು.

ಖಿನ್ನತೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಒಂದೂವರೆ ಪಟ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾರ್ಮೋನಿನ ಏರಿಳಿತ ಒಂದು ಕಾರಣವಷ್ಟೇ. ನಮ್ಮಲ್ಲಿ ತೋಟದ ನಡುವೆ ಒಂಟಿ ಮನೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇನ್ನೊಂದು ಮನೆಯಿಲ್ಲ. ಗಂಡ ಸೈನ್ಯದಲ್ಲಿ, ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ವಯಸ್ಸಾದ ಅತ್ತೆ ಮತ್ತು ಎರಡು ನಾಯಿ. ತೋಟದ ಕಾರ್ಮಿಕರ ಸಾಲು ಮನೆ, ಅಂದರೆ ಲೈನ್ ಮನೆಯ ಹೆಂಗಸಿಗೆ ಇದರ ತದ್ವಿರುದ್ಧ ಪಾಡು: ಒಂದೇ ಕೋಣೆಯಲ್ಲಿ ಆರು ಜನ, ಅಳುವುದಕ್ಕೂ ಮರೆಯಿಲ್ಲ. ಇಬ್ಬರಿಗೂ ‘ಬೆಳಿಗ್ಗೆ 5ಕ್ಕೆ ಎದ್ದು ಒಂದು ಗಂಟೆ ಯೋಗ ಮಾಡಿ’ ಎನ್ನುವ ಸಲಹೆ ಕೊಡುವುದು ಸುಲಭ, ಪಾಲಿಸುವುದು ಆಗದ ಮಾತು. ಆದ್ದರಿಂದ ಇಲ್ಲಿ ಬರೆದಿರುವುದು 10ರಿಂದ 25 ನಿಮಿಷದ ಲೆಕ್ಕ.

ಮೊದಲ ಹೆಜ್ಜೆ: ಕ್ಯಾಲೆಂಡರ್ ಮತ್ತು ಪೆನ್ಸಿಲ್

ಚಾಪೆ ಹಾಸುವ ಮೊದಲು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಪಕ್ಕ ಒಂದು ಪೆನ್ಸಿಲ್ ಕಟ್ಟಿಡಿ. ರಾತ್ರಿ ಮಲಗುವ ಮುಂಚೆ ಆ ದಿನದ ಚೌಕದಲ್ಲಿ ಎರಡು ಅಂಕಿ ಬರೆಯಿರಿ: ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ ಬಂತು, ಇಂದು ಮನಸ್ಸು 0ರಿಂದ 10ರಲ್ಲಿ ಎಷ್ಟರ ಮಟ್ಟಿಗೆ ಚೆನ್ನಾಗಿತ್ತು. ಮುಟ್ಟಿನ ದಿನಗಳಿಗೆ ಒಂದು ಚುಕ್ಕೆ. ಬೇರೆಯವರು ನೋಡಿದರೂ ಹಾಲಿನ ಲೆಕ್ಕ ಅಂದುಕೊಳ್ಳುತ್ತಾರೆ.

ಒಂದೆರಡು ತಿಂಗಳಿಗೆ ಅಂಕಿಗಳೇ ಮಾತಾಡುತ್ತವೆ. ಕೆಲವರಿಗೆ ಮುಟ್ಟಿನ ಹಿಂದಿನ ವಾರ ಮಾತ್ರ ಅಂಕಿ ಇಳಿಯುತ್ತದೆ. ಕೆಲವರಿಗೆ ಬಿಸಿಲೇ ಕಾಣದ ವಾರಗಳಲ್ಲಿ. ನನ್ನ ಕ್ಲಾಸಿಗೆ ಬರುವ ಒಬ್ಬರಿಗೆ ಪ್ರತಿ ವಾರ ಒಂದೇ ದಿನ ಇಳಿಯುತ್ತಿತ್ತು. ಅದು ತೋಟದ ಬಟವಾಡೆಯ ದಿನ. ಸಂಜೆ ಗಂಡ ಕುಡಿದು ಬರುತ್ತಿದ್ದ. ಆ ಮನೆಯಲ್ಲಿ ಚಿಕಿತ್ಸೆ ಯಾರಿಗೆ ಬೇಕಿತ್ತು ಎಂಬುದು ಕ್ಯಾಲೆಂಡರಿನಲ್ಲೇ ಇತ್ತು.

ಜೊತೆಗೆ ನಿಮ್ಮದು ಓಡುವ ಮನಸ್ಸೋ ಕುಸಿದ ಮನಸ್ಸೋ ನೋಡಿಕೊಳ್ಳಿ. ಓಡುವ ಮನಸ್ಸಿನವರಿಗೆ ಎದೆ ಢವಢವ, ಹಲ್ಲು ಕಚ್ಚಿಕೊಂಡಿರುವುದು, ಭುಜ ಕಿವಿಗೆ ಏರಿರುವುದು, ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮೂರು ಸಲ ನೋಡುವುದು, ಮಲಗಿದರೆ ನಿದ್ದೆ ಹತ್ತದಿರುವುದು. ಕುಸಿದ ಮನಸ್ಸಿನವರಿಗೆ ಹಾಸಿಗೆಯಿಂದ ಏಳಲು ಮನಸ್ಸಿಲ್ಲ, ಸ್ನಾನವೂ ಬೆಟ್ಟ ಹತ್ತಿದಷ್ಟು ಕೆಲಸ, ಪುತ್ತರಿ ಸುಗ್ಗಿಹಬ್ಬಕ್ಕೆ ತಂಗಿ ಬಂದರೂ ಖುಷಿಯಿಲ್ಲ. ಒಂದೇ ಹೆಂಗಸಿಗೆ ಬೆಳಿಗ್ಗೆ ಕುಸಿತ, ರಾತ್ರಿ ಓಟ ಇರುವುದೂ ಉಂಟು. ಎರಡಕ್ಕೂ ಅಭ್ಯಾಸ ಬೇರೆಯಾದ್ದರಿಂದ ಈ ಗುರುತು ಮುಖ್ಯ.

ಇನ್ನೊಂದು ಮಾತು. ಸುಸ್ತು, ಬೇಸರ, ಕೂದಲುದುರುವುದು, ಎದೆಬಡಿತ ಇವು ರಕ್ತಹೀನತೆಯಲ್ಲೂ ಬರುತ್ತವೆ, ಥೈರಾಯ್ಡ್ ತೊಂದರೆಯಲ್ಲೂ ಬರುತ್ತವೆ. ಹಿಮೋಗ್ಲೋಬಿನ್ ಮತ್ತು ಟಿಎಸ್‌ಎಚ್ ಪರೀಕ್ಷೆ ಒಂದು ಸಲ ಮಾಡಿಸಿಬಿಡಿ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಕಬ್ಬಿಣದ ಮಾತ್ರೆ ಬೇಕಾದ ಕಡೆ ಸೂರ್ಯನಮಸ್ಕಾರ ಮಾಡಿಸಿದರೆ ಸುಸ್ತು ಹೆಚ್ಚುತ್ತದೆ, ಅಷ್ಟೇ.

ಜಾಗ, ಹೊತ್ತು, ಕಾಫಿ

ಸೂರ್ಯೋದಯಕ್ಕೆ ಮುಖಮಾಡಿ ಬಯಲಿನಲ್ಲಿ ಯೋಗ ಮಾಡುವ ಚಿತ್ರ ಚೆಂದ. ಸಿದ್ದಾಪುರ, ಮಾಲ್ದಾರೆ ಕಡೆಯವರು ನಸುಕಿನಲ್ಲಿ ಅಂಗಳಕ್ಕಿಳಿಯುವ ಮೊದಲು ಆನೆ ಎಲ್ಲಿದೆ ಎಂದು ಕೇಳಿಕೊಳ್ಳಬೇಕು. ಒಳಗೇ ಮಾಡಿ. ಬೇಕಾಗಿರುವುದು ನೀವು ಕೈಚಾಚಿ ಮಲಗುವಷ್ಟು ನೆಲ ಮತ್ತು ಏನೂ ನೇತುಹಾಕದ ಒಂದು ಖಾಲಿ ಗೋಡೆ. ರೆಡ್ ಆಕ್ಸೈಡ್ ನೆಲ ಮಳೆಗಾಲದಲ್ಲಿ ಮಂಜುಗಡ್ಡೆ. ಚಾಪೆಯ ಮೇಲೆ ದಪ್ಪ ಕಂಬಳಿಯನ್ನು ಎರಡು ಮಡಿಕೆ ಹಾಕಿ. ಅಂಗಡಿಯ ರಬ್ಬರ್ ಮ್ಯಾಟ್ ಜುಲೈಗೆ ಬೂಷ್ಟು ಹಿಡಿಯುತ್ತದೆ. ಸುತ್ತಿ ಮೂಲೆಗೆ ನಿಲ್ಲಿಸಬೇಡಿ, ಒಲೆಯ ಹತ್ತಿರ ಹಗ್ಗಕ್ಕೆ ಹರವಿ.

ಹೊತ್ತು ಇಂಥದ್ದೇ ಆಗಬೇಕೆಂದಿಲ್ಲ. ಊಟವಾಗಿ ಮೂರು ಗಂಟೆ, ತಿಂಡಿಯಾಗಿ ಒಂದೂವರೆ ಗಂಟೆ ಕಳೆದಿದ್ದರೆ ಸಾಕು. ಮಕ್ಕಳ ಸ್ಕೂಲ್ ಜೀಪ್ ಹೋದ ಮೇಲಿನ ಹೊತ್ತು ಮನೆಯಲ್ಲಿರುವವರಿಗೆ ಒಳ್ಳೆಯದು. ಕಾಫಿ ಕೊಯ್ಲಿನ ದಿನಗಳಲ್ಲಿ, ಅರೇಬಿಕಾಕ್ಕೆ ನವೆಂಬರ್‌ನಿಂದ, ರೋಬಸ್ಟಾಕ್ಕೆ ಜನವರಿಯಿಂದ, ಇಳಿಜಾರಿನಲ್ಲಿ ಕತ್ತೆತ್ತಿ ನಿಂತು ದಿನವಿಡೀ ಕೊಯ್ದವರಿಗೆ ಸಂಜೆ ಸ್ನಾನವಾದ ಕೂಡಲೇ ಮಾಡುವುದು ವಾಸಿ. ಮೈಕೆಲಸ ಮಾಡುವವರಿಗೆ ಯೋಗ ಯಾಕೆ ಅಂತ ಕೇಳುವವರಿದ್ದಾರೆ. ಕೆಲಸ ಮೈಯನ್ನು ಒಂದೇ ಕಡೆಗೆ ಎಳೆದಿರುತ್ತದೆ. ಅದನ್ನು ಸ್ವಸ್ಥಾನಕ್ಕೆ ತರುವುದು ಬೇರೆ ಕೆಲಸ.

ಕಾಫಿ ನಾಡಿನಲ್ಲಿ ಕಾಫಿ ಬಗ್ಗೆ ಹೇಳಿದರೆ ಬೈಗುಳ ತಿನ್ನಬೇಕು ಗೊತ್ತು. ಆದರೂ ಹೇಳುತ್ತೇನೆ. ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್ ಇದೆ, ಮನೆಯಲ್ಲಿ ಕುಡಿಯುವ ಪುಡಿ ಹೆಚ್ಚಾಗಿ ರೋಬಸ್ಟಾವೇ. ಕುಡಿದು ಐದಾರು ಗಂಟೆಯಾದರೂ ಅದರ ಅರ್ಧ ಪಾಲು ರಕ್ತದಲ್ಲೇ ಇರುತ್ತದೆ, ಗರ್ಭಿಣಿಯರಲ್ಲಿ ಇನ್ನೂ ಹೆಚ್ಚು ಹೊತ್ತು. ಸಂಜೆ ಆರರ ಬೆಲ್ಲದ ಕಾಫಿ ಕುಡಿದು ರಾತ್ರಿ ಹನ್ನೊಂದಕ್ಕೆ ಎದೆಬಡಿತ ಅನ್ನುವವರು ಹದಿನೈದು ದಿನ ಮಧ್ಯಾಹ್ನ ಎರಡರ ಮೇಲೆ ಕಾಫಿ ಬಿಟ್ಟು ಕ್ಯಾಲೆಂಡರಿನ ಅಂಕಿ ನೋಡಲಿ.

ಎರಡನೇ ಹೆಜ್ಜೆ: ಓಡುವ ಮನಸ್ಸಿಗೆ ಗೋಡೆ

ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಹಿಮ್ಮಡಿ ಗೋಡೆಯಿಂದ ಒಂದು ಗೇಣು ಮುಂದಿರಲಿ, ಮಂಡಿ ಸ್ವಲ್ಪ ಸಡಿಲ. ಪೃಷ್ಠ, ಬೆನ್ನು, ಸಾಧ್ಯವಾದರೆ ತಲೆಯ ಹಿಂಭಾಗ ಗೋಡೆಗೆ ತಾಗಲಿ. ಕಣ್ಣು ತೆರೆದೇ ಇರಲಿ, ಕಿಟಕಿಯಾಚೆ ಒಂದು ಮರ ನೋಡುತ್ತಿರಿ. ಭಾರವನ್ನೆಲ್ಲ ಹಿಮ್ಮಡಿಗೆ ಬಿಡಿ. ಉಸಿರನ್ನು ಏನೂ ಮಾಡಬೇಡಿ, ಹತ್ತು ಸಲ ಎಣಿಸಿ ಅಷ್ಟೇ. ಇಷ್ಟು ಸರಳವಾದದ್ದನ್ನು ಹೇಳಿಕೊಡಲು ನನಗೇ ಮೊದಲು ನಾಚಿಕೆಯಾಗುತ್ತಿತ್ತು. ಆದರೆ ಬೆನ್ನಿಗೆ ಏನೋ ಗಟ್ಟಿಯಾದದ್ದು ಇದೆ ಎಂಬ ಭರವಸೆ ಸಿಕ್ಕಿದರೆ ಹೆದರಿದ ಮೈ ಅರ್ಧ ಇಳಿಯುತ್ತದೆ.

ನಂತರ ಮುಂಗೈಗಳನ್ನು ಎದುರಿಗೆ ಚಾಚಿ, ಒದ್ದೆ ಕೈ ಒದರುವ ಹಾಗೆ ಒಂದು ನಿಮಿಷ ಒದರಿ. ಭುಜ, ಸೊಂಟ, ಕಾಲು ಒಂದೊಂದಾಗಿ ಸೇರಿಸಿ. ನಗು ಬಂದರೆ ಬರಲಿ.

ಇನ್ನು ಮಾರ್ಜಾರಾಸನ. ಕಂಬಳಿಯ ಮೇಲೆ ನಾಲ್ಕು ಕಾಲಿನಲ್ಲಿ ನಿಲ್ಲಿ: ಭುಜದ ಕೆಳಗೆ ಅಂಗೈ, ಸೊಂಟದ ಕೆಳಗೆ ಮಂಡಿ. ಉಸಿರು ಬಿಡುತ್ತಾ ಹೊಕ್ಕುಳನ್ನು ಒಳಗೆಳೆದು ಬೆನ್ನನ್ನು ಬೆಕ್ಕಿನ ಹಾಗೆ ಮೇಲಕ್ಕೆ ಬಾಗಿಸಿ, ತಲೆ ಇಳಿಬಿಡಿ. ಉಸಿರು ತೆಗೆದುಕೊಳ್ಳುತ್ತಾ ಎದೆ ಮುಂದಕ್ಕೆ, ನೋಟ ಎದುರಿಗೆ. ಎಂಟು ಸಲ. ಚಲನೆ ಉಸಿರಿಗಿಂತ ಮುಂದೆ ಓಡಬಾರದು. ಉಸಿರು ಮುಗಿದ ಮೇಲೆ ಬೆನ್ನೂ ನಿಲ್ಲಬೇಕು. ಕೊಯ್ಲಿನಿಂದ ಮಣಿಕಟ್ಟು ನೋಯುತ್ತಿದ್ದರೆ ಮುಷ್ಟಿ ಊರಿ, ಇಲ್ಲವೇ ಮುಂಗೈಗಳನ್ನು ಕುರ್ಚಿಯ ಮೇಲಿಡಿ.

ಅಲ್ಲಿಂದಲೇ ಹಿಂದಕ್ಕೆ ಹಿಮ್ಮಡಿಯ ಮೇಲೆ ಕೂತು ಶಶಾಂಕಾಸನ. ಮಂಡಿ ಅಗಲಿಸಿ, ಮುಂದಕ್ಕೆ ಬಾಗಿ, ಹಣೆಯನ್ನು ದಿಂಬಿನ ಮೇಲಿಡಿ. ನೆಲಕ್ಕೆ ತಲೆ ತಾಗಿಸಲು ಹಟ ಬೇಡ, ದಿಂಬು ಎರಡಾದರೂ ಸರಿ. ಹಣೆಗೆ ಒತ್ತು ಸಿಗಬೇಕು, ಕುತ್ತಿಗೆ ಸಡಿಲವಾಗಬೇಕು. ಎರಡು ನಿಮಿಷ. ಮಂಡಿ ಬಾಗದವರು ಕುರ್ಚಿಯಲ್ಲಿ ಕೂತು ಊಟದ ಮೇಜಿನ ಮೇಲೆ ಕೈಮಡಚಿ ತಲೆ ಇಡಿ, ಸ್ಕೂಲಿನಲ್ಲಿ ಟೀಚರ್ ಇಲ್ಲದಾಗ ಮಲಗುತ್ತಿದ್ದ ಹಾಗೆ.

ಕೊನೆಗೆ ಮತ್ತೆ ಗೋಡೆ: ವಿಪರೀತಕರಣಿಯ ಸುಲಭ ರೂಪ. ಗೋಡೆಗೆ ಪಕ್ಕವಾಗಿ ಕೂತು, ಒಂದೇ ಗುಕ್ಕಿಗೆ ಕಾಲುಗಳನ್ನು ಗೋಡೆಗೆ ಏರಿಸುತ್ತಾ ಬೆನ್ನ ಮೇಲೆ ಮಲಗಿ. ಸೊಂಟದಡಿ ಮಡಿಚಿದ ಕಂಬಳಿ. ತೊಡೆಯ ಹಿಂಭಾಗ ಎಳೆದರೆ ಗೋಡೆಯಿಂದ ಸ್ವಲ್ಪ ದೂರ ಸರಿಯಿರಿ. ಐದು ನಿಮಿಷ. ತೋಟದಲ್ಲಿ ದಿನವಿಡೀ ನಿಂತ ಕಾಲಿನ ಬಾವು ಇಳಿಯುವುದು ಮೊದಲ ದಿನವೇ ಗೊತ್ತಾಗುತ್ತದೆ, ಹಾಗಾಗಿ ನನ್ನ ಕ್ಲಾಸಿನಲ್ಲಿ ಯಾರೂ ಬಿಡದ ಆಸನ ಇದೊಂದೇ. ಗ್ಲಾಕೋಮಾ ಇರುವವರು, ಹಿಡಿತಕ್ಕೆ ಬಾರದ ಬಿಪಿ ಇರುವವರು, ಗರ್ಭಿಣಿಯರು ಇದನ್ನು ಬಿಡಬೇಕು.

ಎಲ್ಲ ಸೇರಿ 12 ನಿಮಿಷ. ಮಲಗುವ ಮುಂಚೆಯೂ ಮಾಡಬಹುದು.

ಕುಸಿದ ಮನಸ್ಸಿಗೆ ಬೇರೆ ದಾರಿ

ಇವರಿಗೆ ಮೇಲಿನದ್ದನ್ನು ಮಾಡಿಸಿದರೆ ಇನ್ನೂ ಒಳಕ್ಕೆ ಇಳಿಯುತ್ತಾರೆ. ಇವರಿಗೆ ಬೇಕಾದ್ದು ಬೆಳಕು, ನಿಲ್ಲುವುದು, ತೋಳೆತ್ತುವುದು.

ಶುರು ಹಾಸಿಗೆಯಲ್ಲೇ ಆಗಲಿ. ಬೆನ್ನ ಮೇಲೆ ಮಲಗಿದಂತೆಯೇ ಒಂದು ಮಂಡಿ ಎದೆಗೆ, ಆಮೇಲೆ ಇನ್ನೊಂದು, ಐದೈದು ಸಲ. ಪಕ್ಕಕ್ಕೆ ಹೊರಳಿ ಎದ್ದು ಕೂತು ಪಾದ ನೆಲಕ್ಕೆ ಊರಿ. ಇಷ್ಟೇ ಆದ ದಿನವನ್ನೂ ಮಾಡಿದ ದಿನ ಅಂತಲೇ ಲೆಕ್ಕ ಹಾಕಿ. ಮುಂದಿನದ್ದಕ್ಕೆ ಜಗಲಿಗೆ ಬನ್ನಿ. ಮೋಡವಿದ್ದರೂ ಹೊರಗಿನ ಬೆಳಕು ಮನೆಯೊಳಗಿನ ಬಲ್ಬಿಗಿಂತ ಎಷ್ಟೋ ಪಟ್ಟು ಹೆಚ್ಚು. ನೇರ ನಿಂತು, ಉಸಿರು ತೆಗೆದುಕೊಳ್ಳುತ್ತಾ ಎರಡೂ ಕೈ ಮೇಲೆ, ‘ಹಾ’ ಎಂದು ಬಾಯಿಂದ ಬಿಡುತ್ತಾ ಕೈ ಕೆಳಗೆ. ಆರು ಸಲ.

ಆಮೇಲೆ ಸೂರ್ಯನಮಸ್ಕಾರ, ನಿಧಾನಕ್ಕೆ. ಹನ್ನೆರಡು ಹಂತ ಮರೆತುಹೋಗಿದ್ದರೆ ಕುರ್ಚಿ ಹಿಡಿದು ನಾಲ್ಕು ಮಾಡಿ: ಕೈ ಮೇಲೆ, ಮುಂದೆ ಬಾಗಿ ಕುರ್ಚಿಗೆ ಅಂಗೈ, ಒಂದು ಕಾಲು ಹಿಂದೆ, ಮತ್ತೆ ಜೊತೆಗೆ. ಮೊದಲ ವಾರ ಮೂರು ಸುತ್ತು. ಮೂರು ದಿನಕ್ಕೊಂದು ಸೇರಿಸುತ್ತಾ ಆರಕ್ಕೆ ನಿಲ್ಲಿಸಿ. ಜೂನ್ 21ರ ಯೋಗ ದಿನಾಚರಣೆಗೆ 108 ಮಾಡಿದವರು ಜೂನ್ 22ಕ್ಕೆ ಮಂಡಿ ಹಿಡಿದು ಕೂತದ್ದನ್ನು ನೋಡಿದ್ದೇನೆ. ಕೊನೆಗೆ ವೀರಭದ್ರಾಸನ: ಕಾಲು ಅಗಲಿಸಿ, ಬಲಪಾದ ಹೊರಕ್ಕೆ ತಿರುಗಿಸಿ ಆ ಮಂಡಿ ಬಾಗಿಸಿ, ಕೈಗಳನ್ನು ಭುಜದ ಮಟ್ಟಕ್ಕೆ ಚಾಚಿ ಬಲಗೈ ಬೆರಳ ತುದಿ ನೋಡುತ್ತಾ ಐದು ಉಸಿರು. ಎಡಕ್ಕೂ ಹಾಗೆಯೇ.

ಶವಾಸನ ಇವರಿಗೆ ಎರಡೇ ನಿಮಿಷ. ಹೆಚ್ಚು ಹೊತ್ತು ಮಲಗಿದರೆ ಹಳೆಯ ಚಿಂತೆ ಮತ್ತೆ ಜಗಿಯಲು ಸಿಗುತ್ತದೆ.

ಮೂರನೇ ಹೆಜ್ಜೆ: ಉಸಿರು, ಅದರಲ್ಲೂ ಬಿಡುವ ಉಸಿರು

ಮಣಿಕಟ್ಟಿನಲ್ಲಿ ನಾಡಿ ಹಿಡಿದು ನಿಧಾನವಾಗಿ ಉಸಿರಾಡಿ. ತೆಗೆದುಕೊಳ್ಳುವಾಗ ಬಡಿತ ತುಸು ಚುರುಕು, ಬಿಡುವಾಗ ತುಸು ನಿಧಾನ. ಮೆದುಳಿನಿಂದ ಎದೆ, ಹೊಟ್ಟೆಯವರೆಗೆ ಇಳಿದು ಬರುವ ವೇಗಸ್ ನರದ ಕೆಲಸ ಅದು. ಬಿಡುವ ಉಸಿರು ಉದ್ದವಾದಷ್ಟೂ ಹೃದಯಕ್ಕೆ ‘ಅಪಾಯವಿಲ್ಲ, ನಿಧಾನಿಸು’ ಎಂಬ ಸುದ್ದಿ ಹೋಗುತ್ತಿರುತ್ತದೆ. ಸುಮ್ಮನಿದ್ದಾಗ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ನಾಲ್ಕು ಎಣಿಕೆಗೆ ತೆಗೆದುಕೊಂಡು ಆರು ಎಣಿಕೆಗೆ ಬಿಟ್ಟರೆ ಅದು ನಿಮಿಷಕ್ಕೆ ಆರಕ್ಕೆ ಇಳಿಯುತ್ತದೆ.

ಮೊದಲ ವಾರ ಮೂರಕ್ಕೆ ತೆಗೆದುಕೊಂಡು ನಾಲ್ಕಕ್ಕೆ ಬಿಡಿ. ಆಮೇಲೆ ನಾಲ್ಕು–ಆರು. ಮೂಗಿನಿಂದಲೇ, ಐದು ನಿಮಿಷ, ಹೊಟ್ಟೆಯ ಮೇಲೆ ಒಂದು ಕೈ. ನಡುವೆ ತಡೆಹಿಡಿಯುವುದು ಬೇಡ. ಕುಂಭಕ ಗುರುಗಳ ಎದುರಿನ ಕಲಿಕೆ. ಏದುಸಿರು ಬಂದರೆ ಎಣಿಕೆ ನಿಮಗೆ ಹೆಚ್ಚಾಯಿತು ಅಂತ ಅರ್ಥ, ಒಂದು ಇಳಿಸಿ. ಕುಸಿದ ಮನಸ್ಸಿನವರು ಎರಡನ್ನೂ ಸಮವಾಗಿ, ನಾಲ್ಕು–ನಾಲ್ಕು ಮಾಡಿದರೆ ಸಾಕು.

ಇದ್ದಕ್ಕಿದ್ದಂತೆ ಭಯ ಒತ್ತಿಬಂದು ಎದೆ ಹಾರುವಾಗ ಸುತ್ತಲಿನವರು ‘ಜೋರಾಗಿ ಉಸಿರು ತಗೋ’ ಅನ್ನುತ್ತಾರೆ. ಅದು ತಪ್ಪು. ಆಗಲೇ ಅತಿಯಾಗಿ ಉಸಿರಾಡುತ್ತಿರುತ್ತೀರಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮುಗುಡುತ್ತದೆ, ತಲೆ ತಿರುಗುತ್ತದೆ. ಬಿಡುವುದರಿಂದ ಶುರು ಮಾಡಿ: ತುಟಿ ಸೇರಿಸಿ, ಬಿಸಿ ಕಾಫಿಗೆ ಊದುವ ಹಾಗೆ ಸಣ್ಣಗೆ, ಉದ್ದಕ್ಕೆ. ಒಳಗೆ ಬರುವುದು ತಾನಾಗಿ ಬರುತ್ತದೆ. ಬೆನ್ನಿಗೆ ಗೋಡೆ ಇದ್ದರೆ ಇನ್ನೂ ಒಳ್ಳೆಯದು. ಆದರೆ ಎದೆಯಲ್ಲಿ ಒತ್ತಿದ ನೋವು, ತೋಳು ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು ಇದ್ದರೆ ‘ಟೆನ್ಶನ್’ ಅಂದುಕೊಳ್ಳದೆ ನೇರ ಆಸ್ಪತ್ರೆಗೆ ಹೋಗಿ.

ಭ್ರಾಮರಿ ಸುಲಭ. ಬಾಯಿ ಮುಚ್ಚಿ, ಹಲ್ಲುಗಳ ನಡುವೆ ತುಸು ಜಾಗವಿಟ್ಟು, ಉಸಿರು ಬಿಡುವಾಗ ದುಂಬಿಯಂತೆ ‘ಮ್‌’ ಎಂದು ಗುನುಗಿ. ಆರು ಸಲ. ಕಿವಿ, ಕಣ್ಣು ಮುಚ್ಚಿಕೊಳ್ಳುವ ಕ್ರಮವಿದೆ, ಉಸಿರುಗಟ್ಟಿದಂತಾಗುವವರಿಗೆ ಅದು ಬೇಡ. ಲೈನ್ ಮನೆಯವರು ಪಕ್ಕದ ಮನೆಗೆ ಕೇಳುತ್ತದೆ ಎಂದು ಸಂಕೋಚಪಡುತ್ತಾರೆ. ಮಳೆಗಾಲದಲ್ಲಿ ಶೀಟಿನ ಮೇಲೆ ಮಳೆ ಬೀಳುವ ಸದ್ದಿಗೆ ಯಾರಿಗೂ ಏನೂ ಕೇಳುವುದಿಲ್ಲ, ಧೈರ್ಯವಾಗಿ ಗುನುಗಿ.

ಟೀವಿ ನೋಡಿ ಕಲಿತ ಕಪಾಲಭಾತಿ, ಭಸ್ತ್ರಿಕಾದಂಥ ರಭಸದ ಉಸಿರಾಟ ಓಡುವ ಮನಸ್ಸಿಗೆ ಬೆಂಕಿಗೆ ತುಪ್ಪ. ಗರ್ಭಿಣಿಯರಿಗೆ, ಬಾಣಂತಿಯರಿಗೆ, ಬಿಪಿ, ಹರ್ನಿಯಾ, ಮೂರ್ಛೆರೋಗ ಇರುವವರಿಗೆ ಅವು ಬೇಡವೇ ಬೇಡ.

ನಾಲ್ಕನೇ ಹೆಜ್ಜೆ: ಕಣ್ಣು ತೆರೆದ ಧ್ಯಾನ

ಎರಡು ವಾರ ಮೈ ಮತ್ತು ಉಸಿರಿನ ಅಭ್ಯಾಸ ಆದಮೇಲೆ ಇಲ್ಲಿಗೆ ಬನ್ನಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಕಡೆ ಗುಡ್ಡ ಜಾರಿದ್ದನ್ನು ಕಣ್ಣಾರೆ ಕಂಡವರು ಈಗಲೂ ರಾತ್ರಿ ಜೋರು ಮಳೆಗೆ ಎದ್ದು ಕೂರುತ್ತಾರೆ. 2019, 2020ರ ಆಗಸ್ಟ್‌ಗಳೂ ಸುಮ್ಮನೆ ಹೋಗಲಿಲ್ಲ. ಅಂಥವರನ್ನು ಮಳೆಯ ಸದ್ದಿನಲ್ಲಿ ಕಣ್ಣು ಮುಚ್ಚಿಸಿ ಕೂರಿಸುವುದು ಕ್ರೌರ್ಯ. ಕಣ್ಣು ತೆರೆದೇ, ಬಾಗಿಲು ಕಾಣುವ ಹಾಗೆ, ಗೋಡೆಗೆ ಒರಗಿ ಕೂರಿ. ಕಾಣುವ ಐದು ವಸ್ತುಗಳ ಹೆಸರನ್ನು ಮೆಲ್ಲಗೆ ಬಾಯಿಬಿಟ್ಟು ಹೇಳಿ: ಕೊಡೆ, ಚೊಂಬು, ಕತ್ತಿ, ಬಾಗಿಲು, ನಾಯಿ. ಆಮೇಲೆ ಕೇಳುವ ನಾಲ್ಕು ಸದ್ದು. ಮೈಗೆ ತಾಗುತ್ತಿರುವ ಮೂರು: ಕಂಬಳಿಯ ಒರಟು, ನೆಲದ ತಂಪು, ಬೆನ್ನ ಹಿಂದಿನ ಗೋಡೆ. ಈ ಕ್ಷಣ ಈ ಕೋಣೆಯಲ್ಲಿದ್ದೇನೆ ಎಂಬುದು ಮೈಗೆ ತಿಳಿಯಬೇಕು. ಇಷ್ಟಾದ ಮೇಲೂ ಅದೇ ರಾತ್ರಿ ಕಣ್ಣ ಮುಂದೆ ಮತ್ತೆ ಮತ್ತೆ ಬರುತ್ತಿದ್ದರೆ ಅದಕ್ಕೆ ಪರಿಣತರ ಚಿಕಿತ್ಸೆಯಿದೆ. ಹಾಗೆಯೇ, ಹಳದಿ, ಕೆಂಪು ಎಚ್ಚರಿಕೆ ಇರುವ ದಿನ ಇಳಿಜಾರಿನ ಮನೆಯವರ ಭಯ ಕಾಯಿಲೆಯಲ್ಲ. ಉಸಿರು ಎಣಿಸುತ್ತಾ ಕೂರದೆ ಬ್ಯಾಗ್ ಕಟ್ಟಿ ಸುರಕ್ಷಿತ ಜಾಗಕ್ಕೆ ಹೊರಡಿ.

ನಿದ್ದೆ ಬಾರದವರಿಗೆ ಯೋಗನಿದ್ರೆ: ಮಲಗಿಕೊಂಡು, ಹೆಸರು ಕೇಳಿದ ಅಂಗದ ಕಡೆಗೆ ಗಮನ ಕೊಡುತ್ತಾ ಹೋಗುವುದು. ಯೂಟ್ಯೂಬ್ ನಂಬಿದರೆ ಮಳೆಗೆ ನೆಟ್‌ವರ್ಕ್ ಕೈಕೊಡುತ್ತದೆ. ಮಗಳ ಹತ್ತಿರವೋ ತಂಗಿಯ ಹತ್ತಿರವೋ ಓದಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ: ಬಲಗೈ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳು, ಕಿರುಬೆರಳು, ಅಂಗೈ, ಮಣಿಕಟ್ಟು, ಮೊಣಕೈ, ಭುಜ, ಹೀಗೆ ಕಾಲಿನವರೆಗೆ, ಆಮೇಲೆ ಎಡಭಾಗ, ಬೆನ್ನು, ಮುಖ. ಒಂದೊಂದು ಹೆಸರಿಗೂ ಮೂರು ಸೆಕೆಂಡ್ ಬಿಡುವು. ಸ್ವಂತ ಮಗಳ ಮಲಗಿಸುವ ದನಿ ಕೇಳುವ ಸುಖವೇ ಬೇರೆ.

ವಯಸ್ಸು, ತಿಂಗಳು, ಬಾಣಂತನ

ಮುಟ್ಟಾದಾಗ ಯೋಗ ಮಾಡಬಾರದಂತೆ ಎಂಬ ಪ್ರಶ್ನೆ ಪ್ರತಿ ಬ್ಯಾಚಿನಲ್ಲೂ ಬರುತ್ತದೆ. ಹೊಟ್ಟೆ ಹಿಂಡುವ, ತಲೆಕೆಳಗಾಗುವ ಆಸನಗಳನ್ನು ಎರಡು ಮೂರು ದಿನ ಬಿಡಿ. ಶಶಾಂಕಾಸನ, ಅಂಗಾಲುಗಳನ್ನು ಜೋಡಿಸಿ ಕೂರುವ ಬದ್ಧಕೋನಾಸನ, ಉದ್ದ ಉಸಿರು ನೋವಿಗೂ ಸಿಡುಕಿಗೂ ಒಳ್ಳೆಯದು. ಮುಟ್ಟಿನ ಹಿಂದಿನ ವಾರ ಬದುಕೇ ಬೇಡ ಅನ್ನಿಸುವಷ್ಟು ಕುಸಿದು, ಮುಟ್ಟಾದ ಕೂಡಲೇ ಸರಿಹೋಗುವುದು ಪ್ರತಿ ತಿಂಗಳೂ ಆಗುತ್ತಿದ್ದರೆ ಅದು ಸ್ವಭಾವವಲ್ಲ, ಔಷಧಿ ಇರುವ ತೊಂದರೆ.

ಗರ್ಭಿಣಿಯರು ಐದನೇ ತಿಂಗಳ ನಂತರ ಬೆನ್ನ ಮೇಲೆ ಹೆಚ್ಚು ಹೊತ್ತು ಮಲಗಬಾರದು. ಎಡಕ್ಕೆ ತಿರುಗಿ, ಮಂಡಿಗಳ ನಡುವೆ ದಿಂಬಿಟ್ಟು ಶವಾಸನ. ಹೊಸ ಆಸನ ಶುರು ಮಾಡುವ ಮುಂಚೆ ವೈದ್ಯರನ್ನು ಕೇಳಿ.

ಬಾಣಂತಿಯರ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ಹೆರಿಗೆಯಾದ ಮೂರನೇ ನಾಲ್ಕನೇ ದಿನಕ್ಕೆ ಸುಮ್ಮಸುಮ್ಮನೆ ಅಳು ಬರುವುದು ಬಹಳ ಜನಕ್ಕೆ ಇದ್ದದ್ದೇ, ಎರಡು ವಾರದೊಳಗೆ ತಾನೇ ಹೋಗುತ್ತದೆ. ಹೋಗದೆ ಉಳಿದರೆ, ಮಗು ಮಲಗಿದರೂ ತಾಯಿಗೆ ನಿದ್ದೆ ಬಾರದಿದ್ದರೆ, ಮಗುವನ್ನು ಎತ್ತಿಕೊಳ್ಳಲು ಮನಸ್ಸಿಲ್ಲದಿದ್ದರೆ ಅದು ಪ್ರಸವಾನಂತರದ ಖಿನ್ನತೆ ಇರಬಹುದು. ಎಣ್ಣೆಸ್ನಾನ, ಮದ್ದು, ಬಿಸಿಬಿಸಿ ಊಟ ಎಲ್ಲ ಕೊಡುವ ಮನೆಯಲ್ಲೇ ‘ಇಷ್ಟೆಲ್ಲ ನೋಡ್ಕೊಂಡ್ರೂ ಇವಳಿಗೆ ಎಂತ ಅಳು’ ಎಂಬ ಮಾತೂ ಬರುತ್ತದೆ. ಮೊದಲ ಆರು ವಾರ ಉಸಿರಿನ ಅಭ್ಯಾಸ ಮತ್ತು ಭುಜ ತಿರುಗಿಸುವುದು ಬಿಟ್ಟು ಬೇರೇನೂ ಬೇಡ, ಸಿಸೇರಿಯನ್ ಆಗಿದ್ದರೆ ವೈದ್ಯರು ಹೇಳುವವರೆಗೆ. ಹಾಲೂಡಿಸುವಾಗ ಬೆನ್ನಿಗೆ ದಿಂಬಿಟ್ಟು, ಬಿಡುವ ಉಸಿರನ್ನು ಉದ್ದ ಮಾಡುವುದು ಬಾಣಂತಿಗೆ ಸಿಗುವ ಏಕೈಕ ಯೋಗದ ಹೊತ್ತು. ಬಾಣಂತಿ ಅಸಂಬದ್ಧ ಮಾತಾಡಿದರೆ, ಇಲ್ಲದ ದನಿ ಕೇಳಿಸುತ್ತಿದೆ ಎಂದರೆ, ದಿನಗಟ್ಟಲೆ ನಿದ್ದೆಯಿಲ್ಲದೆ ಓಡಾಡಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಹರಕೆ ಆಮೇಲೆ ತೀರಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ–ಮಗುವನ್ನು ಒಟ್ಟಿಗೇ ದಾಖಲು ಮಾಡಿಕೊಳ್ಳುವ ಪ್ರತ್ಯೇಕ ವಿಭಾಗವಿದೆ.

ಮುಟ್ಟು ನಿಲ್ಲುವ ವಯಸ್ಸಿನವರಿಗೆ ಬಿಸಿ ಉಕ್ಕಿದಾಗ ಶೀತಲಿ ಪ್ರಾಣಾಯಾಮ, ಅಂದರೆ ನಾಲಿಗೆ ಕೊಳವೆಯಂತೆ ಮಡಚಿ ಉಸಿರೆಳೆದು ಮೂಗಿನಿಂದ ಬಿಡುವುದು, ಹಿತ. ಮೂಳೆಗೆ ನಿಂತು ಮಾಡುವ ಆಸನಗಳು ಬೇಕು.

ಚಾಪೆ ಸಾಲದ ಹೊತ್ತು

ಅತ್ತೆಯೊಬ್ಬರು ಸೊಸೆಯನ್ನು ನನ್ನ ಕ್ಲಾಸಿಗೆ ಬಿಟ್ಟು, “ಸ್ವಲ್ಪ ಸಹಿಸ್ಕೊಳ್ಳೋ ಹಾಗೆ ಮಾಡಿ ಟೀಚರ್” ಅಂದರು. ಹೊಡೆತ ಸಹಿಸಲು ಕಲಿಸುವ ಆಸನ ನನಗೆ ಗೊತ್ತಿಲ್ಲ. ಮನೆಯಲ್ಲಿ ಹಿಂಸೆ ಇದ್ದರೆ ಮಹಿಳಾ ಸಹಾಯವಾಣಿ 181, ಕೂಡಲೇ ಅಪಾಯವಿದ್ದರೆ 112.

ಎರಡು ವಾರ ಮೇಲ್ಪಟ್ಟು ಬಹುತೇಕ ದಿನವಿಡೀ ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲ, ಊಟ ನಿದ್ದೆ ಕೆಟ್ಟಿದೆ ಅಂದರೆ ವೈದ್ಯರ ಬಳಿ ಹೋಗುವ ಹೊತ್ತು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲೂ ರಾತ್ರಿ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ ಅದು. ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಇದೆ. ಅಷ್ಟು ದೂರ ಹೋಗಲಾಗದವರು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಮಾತ್ರೆ ಬರೆದುಕೊಟ್ಟರೆ ತೆಗೆದುಕೊಳ್ಳಿ, ಯೋಗ ಅದರ ಜೊತೆಗೆ ನಡೆಯಲಿ. ಚೆನ್ನಾಗಿದ್ದೇನೆ ಅನ್ನಿಸಿದ ವಾರವೇ ಮಾತ್ರೆ ನಿಲ್ಲಿಸಿ ಮೂರು ತಿಂಗಳಿಗೆ ಮತ್ತೆ ಕುಸಿದವರನ್ನು ಕಂಡಿದ್ದೇನೆ. ನಿಲ್ಲಿಸುವುದಿದ್ದರೆ ವೈದ್ಯರ ಜೊತೆ ಮಾತಾಡಿ, ಹಂತ ಹಂತವಾಗಿ.

ಸಾಯುವ ಯೋಚನೆ ಬರುತ್ತಿದೆ ಎಂದು ಯಾರಾದರೂ ಹೇಳಿದರೆ ‘ಹಾಗೆಲ್ಲ ಹೇಳಬಾರದು’ ಎನ್ನಬೇಡಿ. ಪಕ್ಕದಲ್ಲಿ ಕೂತು 14416ಕ್ಕೆ ನೀವೇ ಫೋನ್ ಹಚ್ಚಿ, ಒಬ್ಬರನ್ನೇ ಬಿಡಬೇಡಿ. ತೋಟದ ಮನೆಗಳಲ್ಲಿ ಇನ್ನೊಂದು ಕೆಲಸ ಅಂದೇ ಆಗಬೇಕು: ಸಿಂಪಡಿಸುವ ಔಷಧಿಯ ಕೋಣೆಗೆ ಬೀಗ, ಬೀಗದ ಕೈ ಬೇರೆಯವರ ಹತ್ತಿರ. ಕೋವಿ ಇರುವ ಮನೆಯಲ್ಲಿ ಅದಕ್ಕೂ ಅದೇ.

ಕಕ್ಕಡ 18ರಿಂದ ಕೈಲ್ ಮುಹೂರ್ತದವರೆಗೆ

ಕಕ್ಕಡ 18 ಅಂದರೆ ಮದ್ದು ಸೊಪ್ಪಿನ ಪಾಯಸ ತಿನ್ನುವ ಆಗಸ್ಟ್ 3. ಅಲ್ಲಿಂದ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದ ಸೆಪ್ಟೆಂಬರ್ 3ಕ್ಕೆ ಸರಿಯಾಗಿ ಒಂದು ತಿಂಗಳು. ನಮ್ಮ ಬ್ಯಾಚ್ ಪ್ರತಿ ವರ್ಷ ಆಗಲೇ ಶುರು, ಯಾಕೆಂದರೆ ಮನಸ್ಸು ಅತಿ ಹೆಚ್ಚು ಒದ್ದೆಯಾಗುವ ಕಾಲ ಅದು. ಮೊದಲ ವಾರ ಗೋಡೆ ಮತ್ತು ಮಾರ್ಜಾರಾಸನ ಮಾತ್ರ. ಎರಡನೇ ವಾರಕ್ಕೆ ಉಳಿದ ಆಸನಗಳು, ಮೂರು–ನಾಲ್ಕರ ಉಸಿರು. ಮೂರನೇ ವಾರ ನಾಲ್ಕು–ಆರು, ಭ್ರಾಮರಿ. ನಾಲ್ಕನೇ ವಾರ ಕಣ್ಣು ತೆರೆದ ಧ್ಯಾನ ಅಥವಾ ಯೋಗನಿದ್ರೆ. ವಾರಕ್ಕೆ ಐದು ದಿನ ಸಾಕು. ನಡುವೆ ನೆಂಟರು ಬಂದು ಹತ್ತು ದಿನ ತಪ್ಪಿತೇ? ತಪ್ಪಿದಲ್ಲಿಂದ ಮುಂದುವರಿಸಬೇಡಿ, ಒಂದು ವಾರ ಹಿಂದಕ್ಕೆ ಹೋಗಿ. ಸಾಧ್ಯವಾದರೆ ಇಬ್ಬರು ಸೇರಿ ಮಾಡಿ. ಒಬ್ಬರು ಬಾರದ ದಿನ ಇನ್ನೊಬ್ಬರು ಫೋನ್ ಮಾಡುತ್ತಾರೆ, ಕೆಲವು ಮನೆಗಳಿಗೆ ಇಡೀ ದಿನದಲ್ಲಿ ಬರುವ ಫೋನ್ ಅದೊಂದೇ.

ತಿಂಗಳು ಮುಗಿದ ದಿನ ಕ್ಯಾಲೆಂಡರ್ ಕೆಳಗಿಳಿಸಿ, ಮೊದಲ ವಾರದ ಅಂಕಿಗಳನ್ನೂ ಕೊನೆಯ ವಾರದ್ದನ್ನೂ ಹೋಲಿಸಿ ನೋಡಿ. ನಿದ್ದೆ ಅರ್ಧ ಗಂಟೆ ಹೆಚ್ಚಿದ್ದರೆ, ಮನಸ್ಸಿನ ಅಂಕಿ ಒಂದೆರಡು ಏರಿದ್ದರೆ ಇದನ್ನೇ ಮುಂದುವರಿಸಿ. ಏನೂ ಬದಲಾಗಿಲ್ಲವೆಂದರೆ ಆ ಕ್ಯಾಲೆಂಡರನ್ನೇ ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಯ ಬಸ್ ಹತ್ತಿ. ‘ಯಾವಾಗಿಂದ ಹೀಗೆ’ ಎಂದು ವೈದ್ಯರು ಕೇಳಿದಾಗ ಮೇಜಿನ ಮೇಲೆ ಬಿಡಿಸಿ ತೋರಿಸಿದರಾಯಿತು.